ಸತ್ಯಾಂಶ: ನೋಟಾಗೆ ಜಾಸ್ತಿ ವೋಟು ಬಿದ್ದರೆ ಮರುಚುನಾವಣೆ ಆಗುತ್ತಾ?

"ಯಾವ ಪಕ್ಷಕ್ಕೂ ಸೇರದವರು ನೋಟಾ ಒತ್ತಿ. ಅದಕ್ಕೆ ಜಾಸ್ತಿ ವೋಟು ಬಂದರೆ ಮರುಚುನಾವಣೆ." ತುಮಕೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಮೆಸೇಜ್ ಇದು. ಲೋಕಸಭೆ ಚುನಾವಣೆ ಮಟ್ಟಿಗೆ ಇದು ಸುಳ್ಳು.

ನೋಟಾ, ಅಂದರೆ 'ಈ ಅಭ್ಯರ್ಥಿಗಳಲ್ಲಿ ಯಾರೂ ಬೇಡ' ಅನ್ನುವ ಬಟನ್, ಬಂದಿದ್ದು 2013ರಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನ ನಂತರ. ಅದಕ್ಕೆ ಎಷ್ಟೇ ವೋಟು ಬೀಳಲಿ, ಅಭ್ಯರ್ಥಿಗಳಲ್ಲಿ ಯಾರಿಗೆ ಹೆಚ್ಚು ಬಂದಿದೆಯೋ ಅವರೇ ಗೆದ್ದಂತೆ. ಮಹಾರಾಷ್ಟ್ರ, ಹರಿಯಾಣದಲ್ಲಿ 2018ರಲ್ಲಿ ಮರುಚುನಾವಣೆಯ ನಿಯಮ ತಂದರು ನಿಜ. ಆದರೆ ಅದು ಸ್ಥಳೀಯ ಸಂಸ್ಥೆಗಳಿಗೆ ಮಾತ್ರ. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲೇ.

ಹಾಗಂತ ಪಕ್ಷ ಹಿಡಿಯದವರ ವೋಟಿಗೆ ಬೆಲೆ ಇಲ್ಲ ಅಂತಲ್ಲ. ತುಂಬಾ ಇದೆ! 2019ರಲ್ಲಿ ನಮ್ಮ ತುಮಕೂರಿನಲ್ಲಿ ಜಿ.ಎಸ್. ಬಸವರಾಜು ಅವರು ಮಾಜಿ ಪ್ರಧಾನಿ ದೇವೇಗೌಡರ ವಿರುದ್ಧ ಗೆದ್ದ ಅಂತರ 13,339. ಗೆದ್ದವರ ಕಡೆಯಿಂದ 6,670 ಜನ ಆ ಕಡೆಗೆ ಹಾಕಿದ್ದರೆ ಫಲಿತಾಂಶವೇ ತಿರುವುಮುರುವು. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿ ನೋಡಿ, ಒಂದಕ್ಕೆ ಸುಮಾರು 834 ಜನ. ಅಷ್ಟೇ ಅಲ್ವಾ?

ಚಿಕ್ಕಬಳ್ಳಾಪುರದಲ್ಲಿ 2014ರಲ್ಲಿ ವೀರಪ್ಪ ಮೊಯ್ಲಿ 9,520 ವೋಟಿನಿಂದ ಬಚ್ಚೇಗೌಡರನ್ನು ಸೋಲಿಸಿದರು. 2019ರಲ್ಲಿ ಅದೇ ಬಚ್ಚೇಗೌಡರು ಅದೇ ಮೊಯ್ಲಿಯವರನ್ನು 1.8 ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಸೋಲಿಸಿದರು. ಬರೀ ಕಟ್ಟಾ ಬೆಂಬಲಿಗರಿಂದ ಇಂಥ ಬದಲಾವಣೆ ಆಗುವುದಿಲ್ಲ.