'ವಾಟರ್‌ಪ್ರೂಫ್' ಡಬ್ಬಿ ಹಾಕಿದರೆ ಸಾಕೇ? ಒಂದು ಸ್ಪಷ್ಟನೆ

ಅಮೆರಿಕದಲ್ಲಿ ಬೋಟ್ ಟ್ರೇಲರ್ (ಕಾರಿನ ಹಿಂದೆ ದೋಣಿ ಎಳೆಯುವ ಗಾಡಿ) ಇಟ್ಟುಕೊಂಡವರ ನಡುವೆ ಅದರ ದೀಪಗಳ ವೈರಿಂಗ್ ಬಗ್ಗೆ ಒಂದು ಮಾತು ಓಡಾಡುತ್ತಿದೆ: "ಐಪಿ65 ಜಂಕ್ಷನ್ ಬಾಕ್ಸ್ (ವೈರ್‌ಗಳನ್ನು ಜೋಡಿಸುವ ಡಬ್ಬಿ) ಹಾಕಿ, ಒಳಗೆ ವೈರ್ ಸುಮ್ನೆ ತಿರುಚಿ ಟೇಪ್ ಸುತ್ತಿ. ಅರ್ಥ್ ವೈರ್ (ಕರೆಂಟು ವಾಪಸ್ ಹೋಗುವ ವೈರ್) ಬೇಡ, ಚಾಸಿಯೇ (ಟ್ರೇಲರಿನ ಲೋಹದ ಚೌಕಟ್ಟೇ) ಸಾಕು." ಇದರಲ್ಲಿ ಮೂರು ತಪ್ಪುಗಳಿವೆ.

ಐಪಿ ಅನ್ನುವುದು ಡಬ್ಬಿ ದೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ದರ್ಜೆ. ಐಪಿ65 ಅಂದರೆ ಪೈಪಿನಿಂದ ನೀರು ಹೊಡೆದರೆ ತಡೆಯುತ್ತದೆ, ಅಷ್ಟೇ. ಮುಳುಗಿಸಲು ಅಲ್ಲ. ಐಪಿ67 ಆದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದರೂ ತಡೆಯುತ್ತದೆ. ಬೋಟ್ ಇಳಿಸುವಾಗ ಟ್ರೇಲರಿನ ಹಿಂಭಾಗ ಪೂರ್ತಿ ಮುಳುಗುತ್ತದೆ ಅಲ್ವಾ? ಹಾಗಾಗಿ ಬಾಕ್ಸ್ ಇರಬೇಕಾದ್ದು ಮುಂದೆ, ಎಳೆಯುವ ತೋಳಿನ ಮೇಲೆ, ನೀರು ಮುಟ್ಟದ ಎತ್ತರದಲ್ಲಿ. ವೈರ್‌ಗಳು ಕೆಳಗಡೆಯಿಂದಲೇ ಗ್ಲ್ಯಾಂಡ್ (ವೈರನ್ನು ಬಿಗಿಯಾಗಿ ಹಿಡಿದು ನೀರು ತಡೆಯುವ ತಿರುಪು) ಮೂಲಕ ಒಳಗೆ ಹೋಗಲಿ. ಹೊರಗೆ ಸ್ವಲ್ಪ ಜೋಲುಬಿಟ್ಟರೆ ಹನಿ ಅಲ್ಲೇ ಉದುರುತ್ತದೆ. ಟೇಪ್ ಮಾತ್ರ ಬೇಡವೇ ಬೇಡ. ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ತವರ ಲೇಪಿಸಿದ ತಾಮ್ರದ ವೈರ್, ಒಳಮೈಗೆ ಅಂಟು ಲೇಪಿಸಿದ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಬಳಸಿ. ಉಪ್ಪುನೀರಿನಲ್ಲಿ ಬರಿ ತಾಮ್ರ ಹಸಿರುಗಟ್ಟಿ ಪುಡಿಯಾಗುತ್ತದೆ.

ಇನ್ನು ಅರ್ಥ್. ಅಲ್ಲಿನ ನಾಲ್ಕು ಪಿನ್ನಿನ ಪ್ಲಗ್‌ನಲ್ಲಿ ಬಿಳಿ ವೈರ್ ಅರ್ಥ್, ಕಂದು ಟೈಲ್ ಲೈಟ್, ಹಳದಿ ಎಡಗಡೆಯ ಇಂಡಿಕೇಟರ್-ಬ್ರೇಕ್ ಲೈಟ್, ಹಸಿರು ಬಲಗಡೆಯದು. ಬಿಳಿ ವೈರ್ ಹಾಕದೇ ಇದ್ದರೆ ಕರೆಂಟು ವಾಪಸ್ ಹೋಗಲು ಗ್ರೀಸ್ ಹಚ್ಚಿದ ಹಿಚ್ ಬಾಲ್ (ಟ್ರೇಲರನ್ನು ಕಾರಿಗೆ ಸಿಕ್ಕಿಸುವ ಗುಂಡು) ಒಂದೇ ದಾರಿ. ಆಗ ಇಂಡಿಕೇಟರ್ ಹಾಕಿದರೆ ಟೈಲ್ ಲೈಟೂ ಮಿಣುಕುತ್ತದೆ. ಜನ ಬಲ್ಬ್ ಬದಲಾಯಿಸುತ್ತಾ ಕೂರುತ್ತಾರೆ! ಪ್ರತಿ ದೀಪದಿಂದ ಬಾಕ್ಸ್‌ವರೆಗೂ ಒಂದೊಂದು ಬಿಳಿ ವೈರ್ ಎಳೆಯಿರಿ.

ಹಳೆಯ ಬಲ್ಬ್ ದೀಪಗಳಿದ್ದರೆ ನೀರಿಗಿಳಿಸುವ ಮೊದಲು ಪ್ಲಗ್ ಕಿತ್ತಿಡಿ. ಬಿಸಿ ಬಲ್ಬಿಗೆ ತಣ್ಣೀರು ತಾಗಿದರೆ ಒಡೆಯುತ್ತದೆ.