'ಎತ್ತರ ಕಡಿಮೆ ಇದ್ದರೂ' ಎನ್ನುವ ಮಾತಿನ ಬಗ್ಗೆ ನನ್ನ ತಕರಾರು

ಚೀನಾದ ಟೇಬಲ್ ಟೆನಿಸ್ ಆಟಗಾರ್ತಿ ಡೆಂಗ್ ಯಾಪಿಂಗ್ ಅವರ ಪ್ರಸ್ತಾಪ ಬಂದಾಗಲೆಲ್ಲ ಮಾತು ಅವರ ಎತ್ತರದಿಂದಲೇ ಶುರುವಾಗುತ್ತದೆ. ಬರೀ 150 ಸೆಂಟಿಮೀಟರ್ ಎತ್ತರವಿದ್ದರೂ ಜಗತ್ತನ್ನು ಗೆದ್ದರು ಎನ್ನುತ್ತಾರೆ. ಆ 'ಇದ್ದರೂ' ಎಂಬ ಪದ ನನಗೆ ಒಪ್ಪಿಗೆಯಾಗುವುದಿಲ್ಲ. ಅವರ ಹಳೆಯ ಪಂದ್ಯಗಳ ವಿಡಿಯೊಗಳನ್ನು ಮತ್ತೆ ಮತ್ತೆ ನೋಡಿದ ನನಗೆ, ಆ ಆಟ ಹುಟ್ಟಿದ್ದೇ ಆ ಎತ್ತರದಿಂದ ಎನ್ನಿಸಿದೆ.

1973ರಲ್ಲಿ ಹೆನಾನ್ ಪ್ರಾಂತ್ಯದ ಝೆಂಗ್‌ಝೌನಲ್ಲಿ ಹುಟ್ಟಿದ ಡೆಂಗ್, ತರಬೇತುದಾರರಾಗಿದ್ದ ತಂದೆಯ ಬಳಿ ಐದನೆಯ ವಯಸ್ಸಿಗೇ ಬ್ಯಾಟು ಹಿಡಿದರು. ಕುಳ್ಳಿ ಎಂಬ ಕಾರಣಕ್ಕೆ ಪ್ರಾಂತ್ಯದ ತಂಡ ಅವರನ್ನು ಬೇಡವೆಂದಿತು. ಹದಿಮೂರರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರೂ ರಾಷ್ಟ್ರೀಯ ತಂಡದ ಬಾಗಿಲು ತೆರೆದದ್ದು 1988ರಲ್ಲಿ, ಅದೂ ತರಬೇತುದಾರ ಝಾಂಗ್ ಶಿಯೆಲಿನ್ ಅವರು ಪಟ್ಟು ಹಿಡಿದು ವಾದಿಸಿದ ಮೇಲೆ.

ಈಗ ಆಟವನ್ನು ನೋಡೋಣ. ಟೇಬಲ್ ಟೆನಿಸ್ ಮೇಜಿನ ಎತ್ತರ 76 ಸೆಂಟಿಮೀಟರ್. ಕೈ ಚಾಚಿನ ಅಳತೆ ಕಡಿಮೆಯಿರುವವರು ಮೇಜಿನಿಂದ ಹಿಂದೆ ಸರಿದರೆ ಎರಡೂ ಬದಿಗಳ ಚೆಂಡು ಕೈಗೆಟುಕುವುದಿಲ್ಲ. ಹಾಗಾಗಿ ಡೆಂಗ್ ಹಿಂದೆ ಸರಿಯಲೇ ಇಲ್ಲ. ಮೇಜಿಗೆ ಅಂಟಿಕೊಂಡಂತೆ ನಿಂತು, ಪುಟಿದ ಚೆಂಡು ಇನ್ನೂ ಮೇಲೇರುತ್ತಿರುವಾಗಲೇ ಹೊಡೆದು, ಎದುರಾಳಿಗೆ ಯೋಚಿಸಲು ಸಿಗುವ ಸಮಯವನ್ನೇ ಕಿತ್ತುಕೊಳ್ಳುತ್ತಿದ್ದರು. ಅವರ ಬ್ಯಾಕ್‌ಹ್ಯಾಂಡ್ ಬದಿಯಲ್ಲಿದ್ದದ್ದು ಉದ್ದನೆಯ ಮೃದು ಮೊನೆಗಳ ರಬ್ಬರ್, ಆಟಗಾರರ ಮಾತಿನಲ್ಲಿ ಲಾಂಗ್ ಪಿಂಪಲ್ಸ್. ಎದುರಾಳಿ ಕೊಟ್ಟ ಸ್ಪಿನ್ ಅದಕ್ಕೆ ತಗುಲಿ ತಿರುವುಮುರುವಾಗಿ ವಾಪಸಾಗುತ್ತದೆ. ಸಾಮಾನ್ಯವಾಗಿ ಮೇಜಿನಿಂದ ದೂರ ನಿಂತು ರಕ್ಷಣೆಯ ಆಟ ಆಡುವವರು ಬಳಸುತ್ತಿದ್ದ ಈ ರಬ್ಬರನ್ನು ಅವರು ಮೇಜಿನ ಅಂಚಿನಲ್ಲೇ ನಿಂತು ದಾಳಿಗೆ ಬಳಸಿದರು. ಎದುರಾಳಿ ತಡಬಡಿಸಿ ಚೆಂಡನ್ನು ಸ್ವಲ್ಪ ಮೇಲಕ್ಕೆತ್ತಿದರೆ ಸಾಕು, ಫೋರ್‌ಹ್ಯಾಂಡ್ ಹೊಡೆತ ಸಿದ್ಧವಾಗಿರುತ್ತಿತ್ತು.

1991, 1995 ಮತ್ತು 1997ರಲ್ಲಿ ವಿಶ್ವ ಸಿಂಗಲ್ಸ್ ಪ್ರಶಸ್ತಿಗಳು, 1992ರ ಬಾರ್ಸಿಲೋನಾ ಮತ್ತು 1996ರ ಅಟ್ಲಾಂಟಾ ಒಲಿಂಪಿಕ್ಸ್ ಎರಡರಲ್ಲೂ ಸಿಂಗಲ್ಸ್ ಹಾಗೂ ಡಬಲ್ಸ್ ಚಿನ್ನ. ಡಬಲ್ಸ್‌ನ ಜೊತೆಗಾರ್ತಿ ಚಿಯಾವೊ ಹಾಂಗ್. ಬಾರ್ಸಿಲೋನಾದ ಸಿಂಗಲ್ಸ್ ಫೈನಲ್‌ನಲ್ಲಿ ಎದುರು ನಿಂತವರೂ ಅವರೇ. ಡೆಂಗ್ ಅವರನ್ನು ಹೊಗಳುವಾಗ ಚಿಯಾವೊ ಅವರ ಹೆಸರನ್ನು ನಾವು ಇಷ್ಟು ಸುಲಭವಾಗಿ ಮರೆಯುವುದು ನ್ಯಾಯವಲ್ಲ.

ಸೋಲುಗಳೂ ಇದ್ದವು. 1991ರಲ್ಲಿ ಜಪಾನಿನ ಚಿಬಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ತಂಡ ವಿಭಾಗದ ಫೈನಲ್‌ನಲ್ಲಿ ಉತ್ತರ ಮತ್ತು ದಕ್ಷಿಣ ಕೊರಿಯಾಗಳ ಜಂಟಿ ತಂಡಕ್ಕೆ ಚೀನಾ ಸೋತಿತು. 1994ರ ಹಿರೋಷಿಮಾ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ, ಹಿಂದೆ ಚೀನಾಕ್ಕೇ ಆಡಿ ಆಮೇಲೆ ಜಪಾನಿನವರಾದ ಕೊಯಾಮಾ ಚಿರೆ ಅವರಿಗೆ ಡೆಂಗ್ ಮಣಿದರು. ಆದ್ದರಿಂದಲೇ ಅಟ್ಲಾಂಟಾದ ಫೈನಲ್ ನನಗೆ ಎಲ್ಲಕ್ಕಿಂತ ದೊಡ್ಡದು. 1988ರ ಒಲಿಂಪಿಕ್ಸ್‌ನಲ್ಲಿ ಚೀನಾಕ್ಕೆ ಚಿನ್ನ ತಂದು, 1996ರ ಹೊತ್ತಿಗೆ ತೈವಾನ್ ಪರ ಆಡುತ್ತಿದ್ದ ಚೆನ್ ಜಿಂಗ್ ಎದುರು ಮೊದಲ ಎರಡು ಗೇಮ್ ಗೆದ್ದ ಡೆಂಗ್, ಮುಂದಿನ ಎರಡನ್ನು ಕಳೆದುಕೊಂಡರು. ಕೈತಪ್ಪುತ್ತಿರುವ ಪಂದ್ಯದಲ್ಲಿ ಯಾರಾದರೂ ಒಂದು ಹೆಜ್ಜೆ ಹಿಂದಿಟ್ಟು ಎಚ್ಚರದಿಂದ ಆಡುತ್ತಿದ್ದರೇನೋ. ಐದನೆಯ ಗೇಮನ್ನು ಡೆಂಗ್ 21-5ರಲ್ಲಿ ಮುಗಿಸಿದರು.

1997ರಲ್ಲಿ, 24ನೆಯ ವಯಸ್ಸಿಗೇ, ಅವರು ಆಟ ನಿಲ್ಲಿಸಿದರು. ಬೀಜಿಂಗ್‌ನ ತ್ಸಿಂಗ್ಹುವಾ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಇಂಗ್ಲಿಷನ್ನು ಹೆಚ್ಚುಕಡಿಮೆ ಅಕ್ಷರಮಾಲೆಯಿಂದಲೇ ಕಲಿಯಬೇಕಾಯಿತು. ಅಲ್ಲಿಂದ ನಾಟಿಂಗ್‌ಹ್ಯಾಮ್, ಬಳಿಕ ಕೇಂಬ್ರಿಜ್. ಬೀಜಿಂಗ್ ಒಲಿಂಪಿಕ್ಸ್‌ನ ಸಂಘಟನೆಯಲ್ಲಿ ದುಡಿದ 2008ರಲ್ಲೇ ಅವರ ಪಿಎಚ್.ಡಿ.ಯೂ ಮುಗಿಯಿತು.