ನಲವತ್ತು ಮಿಲಿಮೀಟರ್ ಆಗಬೇಕಂತೆ

ಪರಿಹಾರ ಕೇಳಿ ಬರೆದಿದ್ದಕ್ಕೆ ಕಳೆದ ವಾರ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದಿಂದ, ಕಾಗದ ಬಂತು. ಎರಡೂವರೆ ಪುಟ. ತಿರುಳು ಮಾತ್ರ ಇಷ್ಟೇ: ನೀವು ಸೈಕಲ್ ಸಮೇತ ಬಿದ್ದ ಗುಂಡಿ 40 ಮಿಲಿಮೀಟರ್ ಆಳ ಇರಲಿಲ್ಲ, ಹಾಗಾಗಿ ನಮ್ಮ ಲೆಕ್ಕದಲ್ಲಿ ಅದು ಗುಂಡಿಯೇ ಅಲ್ಲ. ಓದಿ ಮೈ ಉರಿದುಹೋಯಿತು. ಐದು ತಿಂಗಳಾದರೂ ಎಡ ಮೊಣಕೈ ಪೂರ್ತಿ ಮಡಚಲು ಬರುತ್ತಿಲ್ಲ. ಅದೇ ಕೈಯಲ್ಲಿ ಆ ಕಾಗದ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ.

ನಾನು ಇಂಗ್ಲೆಂಡಿನ ಶೆಫೀಲ್ಡ್‌ಗೆ ಬಂದು ಎಂಟು ವರ್ಷವಾಯಿತು. ಊರು ಸಕಲೇಶಪುರದ ಕಡೆ, ಬೆಟ್ಟದ ದಾರಿ ನೋಡಿಕೊಂಡೇ ಬೆಳೆದವಳು. ಕೆಲಸ ಬೇರೆ ಕಡೆಯೂ ಸಿಕ್ಕಿತ್ತು. ಬೆಟ್ಟ ಹತ್ತಿರ ಇರಲಿ ಅಂತಲೇ ಈ ಊರು ಆರಿಸಿಕೊಂಡೆ. ಭಾನುವಾರ ಬೆಳಿಗ್ಗೆ ಬೇಗ ಸೈಕಲ್ ತೆಗೆದುಕೊಂಡು ಹೊರಟು ರಿಂಗಿಂಗ್‌ಲೋ ಏರು ಹತ್ತಿದರೆ ಸಾಕು, ಊರು ಬೆನ್ನ ಹಿಂದೆ ಉಳಿಯುತ್ತದೆ. ಮುಂದೆ ಬರೀ ಹೀದರ್ ಗಿಡದ ಬಯಲು, ಕುರಿ, ಗಾಳಿ. ಅಲ್ಲಿಂದ ಹ್ಯಾದರ್‌ಸೇಜ್‌ಗೆ ಇಳಿದು, ಹೋಪ್ ಕಣಿವೆ ಹಿಡಿದು ಕ್ಯಾಸಲ್‌ಟನ್ ಸೇರಬಹುದು. ಕಾಲಲ್ಲಿ ಕಸುವಿದ್ದರೆ ವಿನ್ನಟ್ಸ್ ಪಾಸ್ ಹತ್ತಬಹುದು. ಎರಡೂ ಕಡೆ ಸುಣ್ಣಕಲ್ಲಿನ ಬಂಡೆ, ನಡುವೆ ಶೇಕಡಾ 20ಕ್ಕೂ ಜಾಸ್ತಿ ಏರು. ಮೊದಲ ಸಲ ನಿಲ್ಲಿಸದೆ ಹತ್ತಿದ ದಿನ ಮೇಲೆ ಕೂತು ಅತ್ತಿದ್ದೆ. ಅಷ್ಟು ಖುಷಿಯಾಗಿತ್ತು. ಈ ದಾರಿಗಳ ಮೇಲೆ ನನಗೆ ಅಂಥ ಪ್ರೀತಿ. ಅದಕ್ಕೇ ಇಷ್ಟು ಸಿಟ್ಟು.

ಬಿದ್ದದ್ದು ಅಕ್ಟೋಬರ್‌ನಲ್ಲಿ. ಪೀಕ್ ಡಿಸ್ಟ್ರಿಕ್ಟ್ ಅನ್ನುವ ಈ ಬೆಟ್ಟಸೀಮೆ ಹಲವು ಕೌಂಟಿಗಳಿಗೆ ಹಂಚಿಹೋಗಿದೆ. ಯಾವ ಕೌನ್ಸಿಲ್, ಯಾವ ಊರು ಅಂತ ಹೇಳಲು ಹೋಗುವುದಿಲ್ಲ. ಚಿಕ್ಕ ದಾರಿ, ಒಂದು ಕಾರು ಹೋಗುವಷ್ಟೇ ಅಗಲ. ಎರಡೂ ಕಡೆ ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆ. ಕಡಿದಾದ ಇಳಿಜಾರು. ರಾತ್ರಿ ಮಳೆ ಬಂದಿತ್ತು. ಎದುರಿಗೆ ಒಂದು ವ್ಯಾನ್ ಬಂತು. ಬ್ರೇಕ್ ಹಿಡಿದುಕೊಂಡು ಎಡಕ್ಕೆ ಸರಿದೆ. ಅಲ್ಲೊಂದು ಮರದ ಕೆಳಗೆ ನೀರು ನಿಂತಿತ್ತು, ಮೇಲೆ ನಾಲ್ಕು ಹಳದಿ ಎಲೆ. ನೀರು ಅಂದುಕೊಂಡೆ, ಅಷ್ಟೇ. ಮುಂದಿನ ಚಕ್ರ ದಡ್ ಅಂತ ಒಳಗೆ ಇಳಿಯಿತು. ಟ್ಯೂಬ್ ಸಿಡಿದದ್ದು ಕೇಳಿಸಿತು. ಆಮೇಲೆ ನಾನು ಗೋಡೆಯ ಬುಡದಲ್ಲಿದ್ದೆ. ಹೆಲ್ಮೆಟ್ ಸೀಳಿತ್ತು. ರಿಮ್ ಎಂಟರ ಹಾಗೆ ತಿರುಚಿಕೊಂಡಿತ್ತು. ಮೊಣಕೈಯಿಂದ ರಕ್ತ ಸೋರುತ್ತಿತ್ತು. ವ್ಯಾನಿನವರು ಪಾಪ ನಿಲ್ಲಿಸಿ, ಫ್ಲಾಸ್ಕಿನಿಂದ ಟೀ ಕೊಟ್ಟು ಸ್ಟೇಷನ್ ತನಕ ಬಿಟ್ಟರು. ಅವರ ತಪ್ಪೇನೂ ಇಲ್ಲ.

ಎರಡು ವಾರ ಬಿಟ್ಟು, ಕೈಗೆ ಪಟ್ಟಿ ಕಟ್ಟಿಕೊಂಡೇ, ಗೆಳತಿಯ ಕಾರಿನಲ್ಲಿ ಅಲ್ಲಿಗೆ ಹೋದೆ. ಸ್ಕೂಲ್ ಮಕ್ಕಳ ಸ್ಕೇಲ್ ಒಂದು ಇಟ್ಟುಕೊಂಡಿದ್ದೆ. ಎಲೆ ತೆಗೆದು, ನೀರನ್ನು ಲೋಟದಲ್ಲಿ ಎತ್ತಿ ಚೆಲ್ಲಿ, ಸ್ಕೇಲ್ ನಿಲ್ಲಿಸಿ ಫೋಟೋ ತೆಗೆದೆ. ಗುಂಡಿಯ ಅಂಚಿನ ಕಡೆ 35 ಮಿಲಿಮೀಟರ್. ಗೋಡೆಯ ಕಡೆ 55. ಕೌನ್ಸಿಲ್‌ನವರು ಅಳೆದದ್ದು ಎಲ್ಲಿ? ಅಂಚಿನಲ್ಲಿ. ಅವರ ಕಾಗದದಲ್ಲಿ ಬರೆದದ್ದೂ 35. ನನ್ನ ಫೋಟೋ ಬಗ್ಗೆ ಒಂದಕ್ಷರ ಇಲ್ಲ.

ಈ 40 ಅನ್ನುವ ಅಂಕಿ ಇಲ್ಲಿ ಸುಮಾರು ಕೌನ್ಸಿಲ್‌ಗಳಲ್ಲಿ ಇದೆ. ಅಷ್ಟು ಆಳವಾದರೆ ಮಾತ್ರ ಮುಚ್ಚಲು ಬರುತ್ತಾರೆ. ಈ ಅಳತೆ ಯಾರನ್ನು ನೋಡಿ ಮಾಡಿದ್ದು ಹೇಳಿ? ಕಾರಿನ ಚಕ್ರ ನೋಡಿ ಅಲ್ವಾ? ನನ್ನ ಟೈರಿನ ಅಗಲವೇ 28 ಮಿಲಿಮೀಟರ್. ಕಾರಿನಲ್ಲಿ ಕೂತವರಿಗೆ ಒಂದು ಕುಲುಕು ಆಗುವ ಜಾಗದಲ್ಲಿ ಸೈಕಲ್ಲಿನವರ ಮೂಳೆ ಮುರಿಯುತ್ತದೆ. ಗುಂಡಿ ಎಲ್ಲಿದೆ ಅನ್ನುವುದೂ ಲೆಕ್ಕಕ್ಕೆ ಬರಬೇಕು. ಏರಿನಲ್ಲಿ ಗುಂಡಿ ಸಿಕ್ಕರೆ ಬೈದುಕೊಂಡು ಸುತ್ತಿ ಹೋಗಬಹುದು, ಆಗ ವೇಗ ಗಂಟೆಗೆ ಎಂಟೋ ಹತ್ತೋ ಕಿಲೋಮೀಟರ್. ಇಳಿಜಾರಿನಲ್ಲಿ ಸುಮ್ನೆ ಬಿಟ್ಟರೂ 50 ದಾಟುತ್ತದೆ. ಒದ್ದೆ ರಸ್ತೆ, ಒದ್ದೆ ಬ್ರೇಕ್, ಕಣ್ಣಿಗೆ ಬೀಳುವ ಹೊತ್ತಿಗೆ ಚಕ್ರ ಅದರೊಳಗೆ ಇರುತ್ತದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಅಯ್ಯೋ, ಅಲ್ಲೂ ಗುಂಡಿ ಇದಾವೇನೇ?" ಅಂದರು. ಊರಿನ ಗೆಳೆಯರು, ಶಿರಾಡಿ ಘಾಟಿ ನೋಡಿದವಳು ಇದಕ್ಕೆಲ್ಲ ಅಳುತ್ತೀಯಾ ಅಂತ ರೇಗಿಸಿದರು. ಶಿರಾಡಿಯ ಮಳೆಗಾಲ ನನಗೂ ಗೊತ್ತು, ಬಸ್ಸಿನಲ್ಲಿ ತಲೆ ಚಚ್ಚಿಸಿಕೊಂಡು ಓದಲು ಹೋದವಳು ನಾನು. ಆದರೆ ಅಲ್ಲಿ ಗುಂಡಿಯನ್ನು ಎಲ್ಲರೂ ಗುಂಡಿ ಅಂತಲೇ ಕರೆಯುತ್ತಾರೆ. ಬಿದ್ದವರಿಗೆ, ನೀವು ಬಿದ್ದದ್ದು ಗುಂಡಿಯಲ್ಲಿ ಅಲ್ಲ ಅಂತ ಯಾರೂ ಕಾಗದ ಬರೆಯುವುದಿಲ್ಲ.

ಕಾನೂನು ಬೇರೆ ಓದಿದೆ. ಇಲ್ಲಿ 1980ರ ಹೈವೇಸ್ ಆಕ್ಟ್ ಇದೆ. ಅದರ 41ನೇ ಸೆಕ್ಷನ್ ಪ್ರಕಾರ ರಸ್ತೆಯನ್ನು ಸುಸ್ಥಿತಿಯಲ್ಲಿ ಇಡುವುದು ಹೈವೇ ಪ್ರಾಧಿಕಾರದ ಹೊಣೆ. ನಮ್ಮಂಥ ಕಡೆ ಅದು ಕೌನ್ಸಿಲ್. ಚೆನ್ನಾಗಿದೆ. ಮುಂದೆ 58ನೇ ಸೆಕ್ಷನ್ ಬರುತ್ತದೆ. ತಕ್ಕ ಮಟ್ಟಿಗೆ ನೋಡಿಕೊಂಡಿದ್ದೆವು ಅಂತ ತೋರಿಸಿಬಿಟ್ಟರೆ ಪರಿಹಾರ ಕೊಡಬೇಕಾಗಿಲ್ಲ. ನನ್ನ ಕಾಗದದಲ್ಲೂ ಅದೇ ಇದೆ. ವರ್ಷಕ್ಕೊಮ್ಮೆ ತಪಾಸಣೆ ಮಾಡುವ ದಾರಿ, ಮೇ ತಿಂಗಳಲ್ಲಿ ನೋಡಿದ್ದೆವು, ಆಗ ಏನೂ ಇರಲಿಲ್ಲ, ಯಾರೂ ಹೇಳಿರಲೂ ಇಲ್ಲ.

ಯಾರೂ ಹೇಳಿರಲಿಲ್ಲವೇ? ಇದನ್ನು ಅವರು ಮೊದಲೇ ಒಂದು ಇಮೇಲ್‌ನಲ್ಲೂ ಬರೆದಿದ್ದರು. ಆಗಲೇ ಮಾಹಿತಿ ಹಕ್ಕಿನಲ್ಲಿ ಕೇಳಿ ಹಾಕಿದ್ದೆ. ನಮ್ಮ ಆರ್‌ಟಿಐ ಇದ್ದ ಹಾಗೆ ಇಲ್ಲೂ 2000ರಲ್ಲಿ ಬಂದ ಕಾನೂನಿದೆ, 20 ಕೆಲಸದ ದಿನದೊಳಗೆ ಉತ್ತರ ಕೊಡಬೇಕು. ಕೊಟ್ಟರು. ಅದೇ ಜಾಗದ ಬಗ್ಗೆ ಜೂನ್‌ನಲ್ಲಿ ಒಬ್ಬರು, ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬರು ದೂರು ಹಾಕಿದ್ದಾರೆ. ಎರಡಕ್ಕೂ ಒಂದೇ ಷರಾ: ನೋಡಲಾಗಿದೆ, ಕ್ರಮ ಬೇಡ. ಸೆಪ್ಟೆಂಬರ್‌ನವರು "ಇಳಿಜಾರು, ಯಾರಾದರೂ ಬಿದ್ದೇ ಬೀಳುತ್ತಾರೆ" ಅಂತ ಬರೆದಿದ್ದರು. ಐದನೇ ವಾರಕ್ಕೆ ನಾನು ಬಿದ್ದೆ. ಒಂದು ಕೋಣೆಯಲ್ಲಿ ದೂರು ಮುಚ್ಚುತ್ತಾರೆ, ಪಕ್ಕದ ಕೋಣೆಯಲ್ಲಿ ದೂರೇ ಬಂದಿಲ್ಲ ಅಂತ ಕಾಗದ ಟೈಪ್ ಮಾಡುತ್ತಾರೆ. ನಾನು ಕೇಳಿದ್ದು ರಿಮ್ಮು, ಹೆಲ್ಮೆಟ್ಟು, ಫಿಸಿಯೋಥೆರಪಿ ಸೇರಿ 340 ಪೌಂಡ್. ದುಡ್ಡು ಹೋದರೆ ಹೋಗಲಿ. ಸುಳ್ಳು ಯಾಕೆ ಹೇಳಬೇಕು?

ಬೆಟ್ಟದ ರಸ್ತೆ ನೋಡಿಕೊಳ್ಳುವುದು ಕಷ್ಟ ಅನ್ನುತ್ತಾರೆ. ಎಲ್ಲಿ ನಿಜವಾಗಿ ಕಷ್ಟ ಅಂತ ನೋಡಬೇಕಾದರೆ ಕ್ಯಾಸಲ್‌ಟನ್ ಆಚೆ ಮ್ಯಾಮ್ ಟಾರ್ ಕೆಳಗಿನ ಹಳೇ ರಸ್ತೆಗೆ ಹೋಗಿ. ಅಲ್ಲಿ ಬೆಟ್ಟವೇ ಜಾರುತ್ತದೆ. ಎಷ್ಟು ಸಲ ರಿಪೇರಿ ಮಾಡಿದರೂ ನಿಲ್ಲದೆ 1979ರಲ್ಲಿ ಮುಚ್ಚಿಬಿಟ್ಟರು. ಇವತ್ತಿಗೂ ಡಾಂಬರು ಪದರ ಪದರವಾಗಿ ಮುರಿದುಕೊಂಡು ಬಿದ್ದಿದೆ. ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ನನ್ನ ದಾರಿಯಲ್ಲಿ ಬೆಟ್ಟ ಜಾರಿಲ್ಲ. ಮೇಲಿನ ಚರಂಡಿಯಲ್ಲಿ ಎಲೆ ಕಟ್ಟಿಕೊಂಡಿದೆ. ನೀರು ರಸ್ತೆ ಮೇಲೆ ಇಳಿಯುತ್ತದೆ, ಬಿರುಕಿಗೆ ಸೇರುತ್ತದೆ, ಚಳಿಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ, ಟ್ರ್ಯಾಕ್ಟರ್ ಹೋದಾಗ ತುಂಡು ಎದ್ದುಬರುತ್ತದೆ. ಗುದ್ದಲಿ ಹಿಡಿದ ಇಬ್ಬರು ಅರ್ಧ ದಿನ ಕೆಲಸ ಮಾಡಿದ್ದರೆ ಚರಂಡಿ ಬಿಡಿಸಬಹುದಿತ್ತು.

ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದೂ ಗೊತ್ತು. 2014ರ ಜುಲೈ 6ರಂದು ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಯಾರ್ಕ್‌ನಿಂದ ಹೊರಟು, ಹೋಮ್ ಮಾಸ್ ಅನ್ನುವ ಬೆಟ್ಟ ಹತ್ತಿ, ಶೆಫೀಲ್ಡ್‌ಗೆ ಬಂತು. ರೇಸ್ ಬರುವ ಮೊದಲು ದಾರಿಯ ಗುಂಡಿಗಳನ್ನು ಮುಚ್ಚಿದ್ದರು. ಆಗ ನಾನಿಲ್ಲಿ ಇರಲಿಲ್ಲ, ಇಲ್ಲಿನ ಹಳೇ ಸೈಕಲ್ಲಿನವರು ಈಗಲೂ ಹೇಳುತ್ತಾರೆ. ಒಂದು ದಿನ ಬಂದು ಹೋಗುವವರಿಗೆ ನುಣುಪು ರಸ್ತೆ, ವಾರವಾರ ಓಡಾಡುವ ನಮಗೆ ಸ್ಕೇಲು.

ಇನ್ನು ಕಾರಿನ ಕಿಟಕಿ ಇಳಿಸಿ "ರೋಡ್ ಟ್ಯಾಕ್ಸ್ ಕಟ್ಟು" ಅಂತ ಕೂಗುವವರು. ಆ ತೆರಿಗೆಗೂ ರಸ್ತೆಗೂ ನೇರ ಸಂಬಂಧ 1937ರಲ್ಲೇ ಕಡಿದುಹೋಯಿತು. ಊರಿನ ರಸ್ತೆಗೆ ದುಡ್ಡು ಹೋಗುವುದು ನಾನೂ ಕಟ್ಟುವ ಕೌನ್ಸಿಲ್ ಟ್ಯಾಕ್ಸ್‌ನಿಂದ, ಸರ್ಕಾರದ ಅನುದಾನದಿಂದ. ಅಷ್ಟಕ್ಕೂ 1886ರಲ್ಲೇ ಇಲ್ಲಿನ ಸೈಕಲ್ ಸಂಘಗಳು ಸೇರಿ, ರಸ್ತೆ ಸುಧಾರಿಸಿ ಅಂತ ಕೇಳಲು ಒಂದು ಸಂಘ ಕಟ್ಟಿದ್ದವು. ಆಗ ಈ ದೇಶದ ರಸ್ತೆಗೆ ಕಾರು ಇಳಿದೇ ಇರಲಿಲ್ಲ. ಗುಂಡಿ ತಪ್ಪಿಸಲು ದಾರಿ ನಡುವೆ ಬಂದರೆ ಹಾರ್ನ್ ಹೊಡೆಯುತ್ತಾರೆ. ವಾಹನ ಕಡಿಮೆ ಇರುವ ದಾರಿಯಲ್ಲಿ ಸೈಕಲ್ಲಿನವರು ತಮ್ಮ ಲೇನಿನ ನಡುವೆ ಹೋಗಬಹುದು ಅಂತ 2022ರಲ್ಲಿ ತಿದ್ದಿದ ಹೈವೇ ಕೋಡ್, ಅಂದರೆ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ, ಹೇಳುತ್ತದೆ. ಓದಿದವರು ಎಷ್ಟು ಜನ?

ಜನವರಿಯಲ್ಲಿ ಆ ಗುಂಡಿಗೆ ತೇಪೆ ಹಾಕಿದರಂತೆ. ಗುಂಡಿಯೇ ಅಲ್ಲ ಅಂದಮೇಲೆ ಮುಚ್ಚಿದ್ದು ಏನನ್ನು ಅಂತ ಕೇಳಿ ಬರೆದಿದ್ದೇನೆ, ಉತ್ತರವಿಲ್ಲ. ಮೊನ್ನೆ ಭಾನುವಾರ, ಬಿದ್ದ ಮೇಲೆ ಮೊದಲ ಸಲ ಸೈಕಲ್ಲಿನಲ್ಲಿ, ಆ ದಾರಿಗೆ ಹೋದೆ. ಮೇಲೆಯೇ ಇಳಿದು ಸೈಕಲ್ ತಳ್ಳಿಕೊಂಡು ಬಂದೆ. ನೀರು ಒರೆಸದೆ ಹಾಗೇ ಡಾಂಬರು ಸುರಿದು ಸಲಿಕೆಯಲ್ಲಿ ತಟ್ಟಿ ಹೋಗಿದ್ದಾರೆ. ಅರ್ಧ ತೇಪೆ ಆಗಲೇ ಕಿತ್ತು ಬಂದಿದೆ. ಕಪ್ಪು ಜಲ್ಲಿ ಇಳಿಜಾರಿನ ಉದ್ದಕ್ಕೂ ಚೆಲ್ಲಿಕೊಂಡಿದೆ, ಅದರ ಮೇಲೆ ಬ್ರೇಕ್ ಹಿಡಿದವರು ಜಾರುವುದು ಖಂಡಿತ. ಸುತ್ತ ಬಳಿದ ಬಿಳಿ ಬಣ್ಣದ ಗೆರೆ ಮಾತ್ರ ಗಟ್ಟಿಯಾಗಿದೆ. ಸ್ಕೇಲ್ ತೆಗೆದು ನಿಲ್ಲಿಸಿದೆ. 30 ಮಿಲಿಮೀಟರ್. ಅಲ್ಲೇ ನಿಂತು ಫೋಟೋ ಹಾಕಿ ಮತ್ತೆ ದೂರು ಕಳಿಸಿದೆ.